ಮೂವತ್ತಕ್ಕೆ ನಿಂತ ಕಂಬ

ಫೆಬ್ರುವರಿ 2, ಸೋಮವಾರ

ಈ ನೋಟ್‌ಬುಕ್ ಕೊಟ್ಟವರು ಮಾತಿನ ಟೀಚರ್. ಆಸ್ಪತ್ರೆಯಲ್ಲಿ ಅವರ ಹುದ್ದೆಗೆ ಬೇರೆ ಏನೋ ಉದ್ದದ ಹೆಸರಿದೆ. ನಮ್ಮ ಮನೆಯಲ್ಲಿ ಅವರು ಮಾತಿನ ಟೀಚರ್. ಅಕ್ಕ ದಿನಕ್ಕೆ ಎಷ್ಟು ಪದ ಆಡಿದಳು, ಯಾವ ಪದ ಎಂದು ಬರೆದಿಡಬೇಕಂತೆ. ಮುಂಭಾಗದ ಪುಟಗಳು ಅಕ್ಕನವು. ಕೊನೆಯ ಪುಟದಿಂದ ಹಿಂದಕ್ಕೆ ನಾನು ನನ್ನದನ್ನು ಬರೆದುಕೊಳ್ಳುತ್ತೇನೆ. ಯಾರೂ ಓದುವುದಿಲ್ಲ, ಅಕ್ಷರ ಕಾಗೆಕಾಲಾದರೂ ನಡೆಯುತ್ತದೆ.

ಅಕ್ಕ ಬಿದ್ದು ಹತ್ತೊಂಬತ್ತು ದಿನ. ಜನವರಿ ಹದಿನಾಲ್ಕು, ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಮನೆಯ ಮುಂದಿನ ಕೋಣೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ. ಅಳತೆ ಕೊಡಲು ಬಂದಿದ್ದ ಹೆಂಗಸು ಆಂಬುಲೆನ್ಸಿಗೆ ಫೋನ್ ಮಾಡಿದರು. ನಾನು ಆ ಆಂಬುಲೆನ್ಸ್ ಸಂಸ್ಥೆಯಲ್ಲೇ ವರದಿ ತಯಾರಿಸುವವನು. ಕರೆ ಬರುವ ಕೋಣೆಗೂ ನನ್ನ ಕುರ್ಚಿಗೂ ನಡುವೆ ಇರುವುದು ಒಂದೇ ಗೋಡೆ. ಗಾಡಿ ಬರಲು ನಲವತ್ತೇಳು ನಿಮಿಷ ಹಿಡಿಯಿತು. ಮೆದುಳಿನ ರಕ್ತನಾಳ ಕಟ್ಟಿಕೊಂಡಿತ್ತು. "ಇನ್ನೊಂದು ಅರ್ಧ ಗಂಟೆ ಮುಂಚೆ ಬಂದಿದ್ರೆ" ಎಂದು ಶುರುಮಾಡಿದ ಡಾಕ್ಟರು ನನ್ನ ಮುಖ ನೋಡಿ ಔಷಧಿ ಚೀಟಿ ಬರೆಯತೊಡಗಿದರು.

ಬಲಗೈ ಏಳುವುದಿಲ್ಲ, ಬಲಗಾಲು ಎಳೆಯುತ್ತದೆ. ಮಾತೆಲ್ಲ ತಲೆಯೊಳಗೆ ಇದೆಯಂತೆ, ನಾಲಿಗೆಗೆ ಬರುವುದಿಲ್ಲ. ತುಟಿಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡೇ ನನಗೆ ಮಂಗಳಾರತಿ ಮಾಡುತ್ತಿದ್ದವಳು!

ಇವತ್ತು ಮೂರು ಪದ: ನೀರು, ಬೇಡ, ಕಿಟಕಿ. "ಕಿ" ಎಂದು ತಡವರಿಸುತ್ತಿದ್ದಳು, ನಾನು "ಕಿಟಕಿನಾ?" ಎಂದೆ, ತಲೆಯಾಡಿಸಿದಳು. ಕಿಟಕಿ ತೆರೆದೆ.

ಫೆಬ್ರುವರಿ 5, ಗುರುವಾರ

ತಿಂಗಳ ಕೊನೆಗೆ ಆಡಳಿತ ಮಂಡಳಿಯ ಸಭೆ. ವರದಿಯ ಮೊದಲ ಪುಟದಲ್ಲಿ ಎಂದಿನಂತೆ ಕಂಬಗಳ ಚಾರ್ಟು. ಊರಿನ ಒಂಬತ್ತು ವಲಯಕ್ಕೆ ಒಂಬತ್ತು ಕಂಬ. ಒಂದೊಂದು ಕಂಬವೂ ಆ ವಲಯದಲ್ಲಿ ಆ ತಿಂಗಳು ಎಲ್ಲಕ್ಕಿಂತ ತಡವಾಗಿ ತಲುಪಿದ ಗಾಡಿಯ ನಿಮಿಷ. ಎಡಗಡೆಯ ಅಕ್ಷದಲ್ಲಿ ಸೊನ್ನೆಯಿಂದ ಮೂವತ್ತರವರೆಗೆ ಅಂಕಿ. ಕರೆಗಳ ಪಟ್ಟಿ ಕೊಟ್ಟರೆ ಸಾಫ್ಟ್‌ವೇರ್ ತಾನೇ ಕಂಬ ಎಬ್ಬಿಸುತ್ತದೆ.

ಏಳನೇ ವಲಯದ ಸಾಲಿಗೆ ಬಂದಾಗ ಕೈ ನಿಂತಿತು. ಜನವರಿ 14. ಕರೆ 11.08. ತಲುಪಿದ್ದು 11.55. ನಿಮಿಷ 47. ಹೆಸರಿಲ್ಲ, ಬರೀ ಕರೆ ಸಂಖ್ಯೆ. ರೈಲ್ವೆ ಗೇಟಿನಾಚೆಯ ನಮ್ಮ ಬೀದಿ.

ಚಾರ್ಟಿನಲ್ಲಿ ಆ ಕಂಬ ಮೂವತ್ತಕ್ಕೆ ನಿಂತಿದೆ. ಅಕ್ಷಕ್ಕೆ ಮೂವತ್ತರ ಮಿತಿ ಹಾಕಲಾಗಿದೆ, ಅದನ್ನು ಮೀರಿದ್ದು ಕಾಣುವುದಿಲ್ಲ. ಮೂವತ್ತೊಂದಾದರೂ ಅಷ್ಟೇ ಎತ್ತರ, ನಲವತ್ತೇಳಾದರೂ ಅಷ್ಟೇ ಎತ್ತರ. ನಾಲ್ಕು ವರ್ಷದಿಂದ ಇದೇ ಕ್ರಮ ಅನುಸರಿಸಲಾಗುತ್ತಿದೆ. ಫೈಲು ಮುಚ್ಚಿ ಚಹಾ ಕುಡಿಯಲು ಹೋದೆ.

ಫೆಬ್ರುವರಿ 6, ಶುಕ್ರವಾರ

ಮಾತಿನ ಟೀಚರ್ ಬಂದಿದ್ದರು. ನೋಟ್‌ಬುಕ್ಕಿನಲ್ಲಿ ಅಕ್ಕನ ಪುಟಗಳನ್ನು ಓದಿ, "ಇದರಲ್ಲಿ ಅರ್ಧ ನಿಮ್ಮ ಪದಗಳು" ಎಂದರು.

"ಅಕ್ಕ ತಲೆಯಾಡಿಸಿದಳಲ್ಲ."

"ನಿಮ್ಮ ಕಾಟ ತಪ್ಪಲಿ ಅಂತ ಆಡಿಸಿರ್ತಾರೆ. ಅವರು ಹುಡುಕ್ತಾ ಇರುವಾಗ ನೀವು ಮಧ್ಯೆ ಬಾಯಿ ಹಾಕಬೇಡಿ. ಕಾಯಿರಿ."

"ಎಷ್ಟು ಹೊತ್ತು?"

"ಅವರಿಗೆ ಎಷ್ಟು ಬೇಕೋ ಅಷ್ಟು ಹೊತ್ತು."

ಅಕ್ಕ ಮಂಚದ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಬಾಯಿ ಒಂದು ಬದಿಗೆ ಸ್ವಲ್ಪ ಓರೆಯಾಗಿದೆ, ಆದರೂ ನಗುತ್ತಿದ್ದಾಳೆ ಎಂದು ಗೊತ್ತಾಯಿತು. ನನಗೆ ಬೈಗುಳ ಬಿದ್ದರೆ ಅವಳಿಗೆ ಯಾವಾಗಲೂ ಖುಷಿ.

ಫೆಬ್ರುವರಿ 8, ಭಾನುವಾರ

ಮುಂದಿನ ಕೋಣೆ ಗುಡಿಸಿದೆ. ಹೊಲಿಯಲು ಕೊಟ್ಟಿದ್ದ ಬಟ್ಟೆಗಳನ್ನು ಜನ ಒಬ್ಬೊಬ್ಬರಾಗಿ ಬಂದು ವಾಪಸು ಒಯ್ಯುತ್ತಿದ್ದಾರೆ. ಅಕ್ಕನ ಮುಂದೆ ಮಾತ್ರ "ಅವಸರ ಇಲ್ಲ, ನಿಧಾನಕ್ಕೆ ಹೊಲಿದುಕೊಡಿ" ಎನ್ನುತ್ತಾರೆ.

ಮೇಜಿನ ಮೇಲೆ ದೊಡ್ಡ ಕತ್ತರಿ ಹಾಗೇ ಇದೆ. ಅಮ್ಮ ಹೋದಾಗ ನನಗೆ ಒಂಬತ್ತು, ಅಕ್ಕನಿಗೆ ಹತ್ತೊಂಬತ್ತು. ಆ ವರ್ಷವೇ ಅಕ್ಕ ಹೊಲಿಗೆಗೆ ಕೂತದ್ದು. ಒಂದು ದಿನ ಅವಳು ಒಳಗೆ ಹೋದಾಗ ಉಪಕಾರ ಮಾಡೋಣವೆಂದು ನಾನೇ ಕೋಟಿನ ತೋಳು ಕತ್ತರಿಸಿದೆ. ತೋಳಿನ ಗುರುತು ಮೇಜಿಗಿಂತ ಉದ್ದವಿತ್ತು. ಮೇಜು ಎಲ್ಲಿ ಮುಗಿಯಿತೋ ಅಲ್ಲಿಗೆ ಕತ್ತರಿಸಿಬಿಟ್ಟೆ! ಗಿರಾಕಿಯ ಕೋಟಿಗೆ ಮೊಣಕೈವರೆಗೆ ಒಂದು ತೋಳು. ಬೆನ್ನಿಗೆ ಎರಡು ಬಿದ್ದವು, ಜೊತೆಗೆ ಒಂದು ಮಾತು: "ನನ್ನ ಕೇಳದೆ ಕತ್ತರಿ ಮುಟ್ಟಬೇಡ." ಆಮೇಲೆ ಅವಳು ಗೋಡೆಗೆ ಮುಖ ಮಾಡಿಕೊಂಡು ಅತ್ತಳು. ಆ ಮಾತು ನಲವತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಮೇಜಿನ ಹತ್ತಿರ ಸುಳಿದವರಿಗೆಲ್ಲ ಅದೇ, ನನಗಂತೂ ಬೋಳುತಲೆ ಬಂದ ಮೇಲೂ ಅದೇ.

ಕತ್ತರಿಗೆ ಎಣ್ಣೆ ಹಚ್ಚಿ ಅದೇ ಜಾಗದಲ್ಲಿ ಇಟ್ಟೆ.

ಫೆಬ್ರುವರಿ 9, ಸೋಮವಾರ

ಗಾಡಿಗಳು ನಿಲ್ಲುವ ಅಂಗಳದಲ್ಲಿ, ನಾವೆಲ್ಲ ಮೀಸೆ ಎಂದೇ ಕರೆಯುವ ಡ್ರೈವರ್ ಸಿಕ್ಕ. ಹದಿನಾಲ್ಕನೇ ತಾರೀಖು ಗಾಡಿ ಓಡಿಸಿದವನು ಇವನೇ. ಅವತ್ತಿನಿಂದ ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದ. ಇವತ್ತು ತಾನಾಗಿಯೇ ಹತ್ತಿರ ಬಂದ.

"ಅಕ್ಕೋರು ಹೇಗಿದ್ದಾರೆ?"

"ಪರವಾಗಿಲ್ಲ. ದಿನಕ್ಕೆ ಮೂರು ನಾಲ್ಕು ಮಾತಾಡ್ತಾಳೆ."

ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಹಿಂಡುತ್ತ ನಿಂತ. "ಗೇಟು ಹಾಕಿತ್ತು ಅಣ್ಣ. ಒಂದು ಗೂಡ್ಸ್ ಹೋಯ್ತು, ತೆಗೀತಾರೆ ಅಂದ್ಕೊಂಡ್ರೆ ಇನ್ನೊಂದು ಬಂತು. ಇಪ್ಪತ್ತೊಂದು ನಿಮಿಷ ಅಲ್ಲೇ. ಸೈರನ್ ಹಾಕ್ಕೊಂಡು ನಿಂತಿದ್ದೆ. ರೈಲಿಗೆ ಸೈರನ್ ಕೇಳುತ್ತಾ?"

"ನಿನ್ನ ತಪ್ಪಲ್ಲ ಬಿಡು."

"ಮೊದಲು ಗೇಟಿನ ಆಚೆನೇ ಒಂದು ಗಾಡಿ ಇರ್ತಿತ್ತು. ಆರು ತಿಂಗಳ ಹಿಂದೆ ಆ ಆಂಬುಲೆನ್ಸ್ ಠಾಣೆನ ಸ್ವಲ್ಪ ದಿನ ಮುಚ್ಚಿ ನೋಡೋಣ ಅಂದ್ರಲ್ಲ, ಆಗ ನಾವೆಲ್ಲ ಹೋಗಿ ಹೇಳಿದ್ವಿ, ಗೇಟು ಹಾಕಿದ್ರೆ ಕಷ್ಟ ಆಗುತ್ತೆ ಅಂತ. ಎರಡು ತಿಂಗಳು ಬಿಟ್ಟು ಮ್ಯಾನೇಜರ್ ಸಾಹೇಬ್ರು ಕರೆದು ಚಾರ್ಟು ತೋರ್ಸಿದ್ರು. ಮುಚ್ಚೋಕೆ ಮುಂಚೆನೂ ಕಂಬ ಅಷ್ಟೇ, ಮುಚ್ಚಿದ ಮೇಲೂ ಅಷ್ಟೇ. ಏನೂ ವ್ಯತ್ಯಾಸ ಇಲ್ಲ ಅಂದ್ರು. ನಾವೇನು ಹೇಳೋದು? ನಿಮ್ಮ ಚಾರ್ಟಲ್ವಾ ಅಣ್ಣ, ಸರಿಯಾಗೇ ಇರುತ್ತೆ ಅಂತ ಸುಮ್ಮನಾದ್ವಿ."

ಅವನು ಚುಚ್ಚಲು ಹೇಳಿದ್ದಲ್ಲ. ಅದೇ ಕಷ್ಟ.

ಫೆಬ್ರುವರಿ 12, ಗುರುವಾರ

ಹಳೆಯ ಫೈಲುಗಳನ್ನು ತೆಗೆದೆ. ಮೂರು ದಿನ ಬೇಕೆಂದೇ ಬೇರೆ ಕೆಲಸ ಹಚ್ಚಿಕೊಂಡಿದ್ದೆ, ಇವತ್ತು ತೆಗೆದೆ.

ಗೇಟಿನಾಚೆಯ ಠಾಣೆ ಮುಚ್ಚುವ ಮುಂಚೆ ಏಳನೇ ವಲಯದ ನಿಜವಾದ ನಿಮಿಷಗಳು 29, 30, 29. ಮುಚ್ಚಿದ ಮೇಲೆ 36, 41, 39, 44, 38, ಮತ್ತೆ ಜನವರಿಯಲ್ಲಿ 47. ಚಾರ್ಟಿನಲ್ಲಿ ಮುಚ್ಚಿದ ಮೇಲಿನವೆಲ್ಲ ಮೂವತ್ತು, ಮುಂಚಿನವಕ್ಕೂ ಅವಕ್ಕೂ ಕಣ್ಣಿಗೆ ವ್ಯತ್ಯಾಸವೇ ಇಲ್ಲ. ಪಟ್ಟಿ ಸುಳ್ಳು ಹೇಳಿಲ್ಲ. ಪಟ್ಟಿ ಓದುವವರು ಯಾರು? ಎಲ್ಲರೂ ನೋಡುವುದು ಕಂಬ.

ಮಿತಿ ಹಾಕಲಾಗಿದೆ ಎಂದು ಮೊನ್ನೆ ಬರೆದೆ. ಯಾರು ಹಾಕಿದ್ದು? ನಾನು ಹಾಕಿದ್ದು. ನಾಲ್ಕು ವರ್ಷದ ಹಿಂದೆ, ಸೇತುವೆ ದುರಸ್ತಿಯ ತಿಂಗಳು, ಒಂದು ಗಾಡಿಗೆ ತೊಂಬತ್ತೆರಡು ನಿಮಿಷ ಹಿಡಿದಿತ್ತು. ಅಕ್ಷ ತಾನೇ ನೂರಕ್ಕೆ ಏರಿ, ಉಳಿದ ಎಂಟೂ ಕಂಬ ಇರುವೆಗಳಂತೆ ನೆಲ ಕಚ್ಚಿದವು. ಹನ್ನೆರಡಕ್ಕೂ ಹದಿನೆಂಟಕ್ಕೂ ವ್ಯತ್ಯಾಸವೇ ಕಾಣದು. ನಡುವೆ ಅಕ್ಷವನ್ನು ಮುರಿದು ತೋರಿಸುವ ಸೌಲಭ್ಯ ಈ ಸಾಫ್ಟ್‌ವೇರಿನಲ್ಲಿ ಇಲ್ಲ. ಹಾಗಾಗಿ ನಾನೇ ಯೋಚಿಸಿ ಮೂವತ್ತರ ಮಿತಿ ಹಾಕಿದೆ, ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ "ಮೂವತ್ತು ಮೀರಿದ್ದನ್ನು ಮೂವತ್ತೆಂದೇ ತೋರಿಸಿದೆ" ಎಂದು ಟಿಪ್ಪಣಿ ಹಾಕಿದೆ. ಮ್ಯಾನೇಜರ್ ಬೆನ್ನು ತಟ್ಟಿದರು. ನಾನೂ ನೆಲದ ಮೇಲೆ ಕಾಲಿಡಲಿಲ್ಲ, ಮನೆಗೆ ಬಂದು ಅಕ್ಕನ ಮುಂದೆ ಜಂಬ ಕೊಚ್ಚಿಕೊಂಡೆ. ಎರಡು ವರ್ಷದ ಹಿಂದೆ ಪುಟದ ವಿನ್ಯಾಸ ಬದಲಾದಾಗ ಟಿಪ್ಪಣಿ ಸಂಸ್ಥೆಯ ಲಾಂಛನದ ಮೇಲೆ ಬಿದ್ದಿತು. ಅಳಿಸಿದೆ. ಯಾರೂ ಅಳಿಸಲು ಹೇಳಿರಲಿಲ್ಲ.

ಇವತ್ತಿಗೆ ಇಷ್ಟು ಸಾಕು. ನಾಳೆ ಬರೆಯುತ್ತೇನೆ.

ಫೆಬ್ರುವರಿ 13, ಶುಕ್ರವಾರ

ಮ್ಯಾನೇಜರ್ ಹತ್ತಿರ ಹೋಗಿ ಮಿತಿ ತೆಗೆಯೋಣ ಎಂದೆ. ತೆಗೆದೂ ತೋರಿಸಿದೆ. ಅಕ್ಷ ಐವತ್ತಕ್ಕೆ ಏರಿತು, ಬೇರೆ ಕಂಬಗಳು ಕುಗ್ಗಿದವು.

"ನೋಡಿ, ಮೂರನೇ ವಲಯದವರು ಹದಿನೆಂಟರಿಂದ ಹದಿನೈದಕ್ಕೆ ಇಳಿಸಿದ್ದಾರೆ. ಎಷ್ಟು ಕಷ್ಟಪಟ್ಟಿದ್ದಾರೆ ಗೊತ್ತಾ? ಇದರಲ್ಲಿ ಕಾಣ್ತಾ ಇದೆಯಾ ಅದು?"

"ಏಳನೇ ವಲಯ ಕಾಣ್ತಾ ಇದೆ ಸಾರ್."

"ಅದೊಂದೇ ಕಾಣ್ತಾ ಇದೆ! ಇಪ್ಪತ್ತೇಳಕ್ಕೆ ಸಭೆ ಇಟ್ಕೊಂಡು ಈಗ ಅಳತೆ ಬದಲಿಸಿದ್ರೆ, ಇಷ್ಟು ದಿನ ಏನು ಮಾಡ್ತಿದ್ರಿ ಅಂತ ಕೇಳಲ್ವಾ? ಮಿತಿ ಅಂತ ಐಡಿಯಾ ಕೊಟ್ಟಿದ್ದೇ ನೀವು."

ಕೆಟ್ಟ ಮನುಷ್ಯ ಅಲ್ಲ. ಎಲ್ಲರ ಕಂಬವೂ ಕಾಣಬೇಕು ಎನ್ನುವುದು ಸರಿಯಾದ ಮಾತೇ. ಆದರೆ ಇಪ್ಪತ್ತೇಳರ ಸಭೆಯಲ್ಲಿ ಗೇಟಿನಾಚೆಯ ಠಾಣೆಯನ್ನು ಶಾಶ್ವತವಾಗಿ ಮುಚ್ಚುವ ತೀರ್ಮಾನ ಆಗಲಿದೆ. ಆಧಾರ, ನನ್ನ ಚಾರ್ಟು. ಗೇಟಿನಾಚೆ ಇನ್ನೂ ನಾಲ್ಕು ಸಾವಿರ ಮನೆಗಳಿವೆ.

ಫೆಬ್ರುವರಿ 17, ಮಂಗಳವಾರ

ಬಲಗಡೆ ಎರಡನೇ ಅಕ್ಷ ಕೊಟ್ಟು ನೋಡಿದೆ. ಯಾವ ಕಂಬ ಯಾವ ಅಕ್ಷದ್ದು ಎಂದು ನನಗೇ ಗೊಂದಲವಾಯಿತು. ಮೂವತ್ತರ ತುದಿಗೆ ಕೆಂಪು ಬಾಣದ ಗುರುತು ಹಾಕಿ 47 ಎಂದು ಬರೆದೆ. ಮ್ಯಾನೇಜರ್ ನೋಡಿ "ಅಚ್ಚಿನ ತಪ್ಪಾ?" ಎಂದರು. ಎರಡು ಚಾರ್ಟು ಮೇಲೊಂದು ಕೆಳಗೊಂದು ಜೋಡಿಸಿದರೆ ಪುಟಕ್ಕೆ ಹಿಡಿಸಲು ಸಾಫ್ಟ್‌ವೇರ್ ಎರಡನ್ನೂ ಕುಗ್ಗಿಸುತ್ತದೆ. ತಲೆ ಕೆಟ್ಟುಹೋಯಿತು.

ಅಕ್ಕನ ಪದ ಐದು. ಒಂದು ಪದಕ್ಕೆ ಇಡೀ ಒಂದು ಲೋಟ ಹಾಲು ಆರುವಷ್ಟು ಹೊತ್ತು ಹಿಡಿಯಿತು. "ಸೂಜಿ" ಎಂದಳು. ನಾನು ಮೊದಲೇ ಊಹಿಸಿದ್ದೆ, ನಾಲಿಗೆ ಕಚ್ಚಿಕೊಂಡು ಕೂತಿದ್ದೆ.

ಫೆಬ್ರುವರಿ 19, ಗುರುವಾರ

ಚಾರ್ಟು ಇವತ್ತೂ ಆಗಲಿಲ್ಲ.

ಫೆಬ್ರುವರಿ 22, ಭಾನುವಾರ

ಟೀಚರ್ ಹೇಳಿದಂತೆ ಅಕ್ಕನನ್ನು ಅವಳ ಕುರ್ಚಿಯಲ್ಲಿ, ಹೊಲಿಗೆ ಮೇಜಿನ ಮುಂದೆ ಕೂರಿಸಿದೆ. ಹಳೆಯ ಕಾಗದದ ಅಚ್ಚುಗಳ ಕಟ್ಟು ಬಿಚ್ಚಿಕೊಟ್ಟೆ. ಕೋಟು, ಅಂಗಿ, ಶಾಲೆಯ ಸಮವಸ್ತ್ರ, ಎಲ್ಲದಕ್ಕೂ ಅವಳು ಮೊದಲು ಕಾಗದದಲ್ಲೇ ಕತ್ತರಿಸುವುದು. ಎಡಗೈಯಿಂದ ಒಂದೊಂದೇ ತೆಗೆದು ನೋಡುತ್ತಿದ್ದಳು.

ಉದ್ದನೆಯ ಮಳೆಕೋಟಿನ ಅಚ್ಚು ಬಿಚ್ಚಿಕೊಂಡಿತು. ಒಂದು ಹಾಳೆಗೆ ಇನ್ನೊಂದನ್ನು ಅಂಟಿಸಿದ್ದಾಳೆ, ಅದಕ್ಕೆ ಮತ್ತೊಂದು. ಗೆರೆ ಒಂದು ಹಾಳೆಯಿಂದ ಮುಂದಿನ ಹಾಳೆಗೆ ಒಂದೆಳೆಯೂ ಸರಿಯದೆ ಹೋಗಿದೆ. ನಾನು ತೋಳು ತುಂಡು ಮಾಡಿದ ದಿನ ಅತ್ತು ಮುಗಿಸಿದ ಮೇಲೆ ಅವಳು ಕಲಿಸಿಕೊಟ್ಟದ್ದೂ ಇದನ್ನೇ. ಕಾಗದ ಸಾಲದಿದ್ದರೆ ಇನ್ನೊಂದು ಕಾಗದ ತಗೋ, ಅಳತೆಗೆ ಕೈ ಹಾಕಬೇಡ ಎಂದಿದ್ದಳು. ನನ್ನ ನೆನಪಿನಲ್ಲಿ ಪೆಟ್ಟು ಉಳಿದಿತ್ತು, ಪಾಠ ಉಳಿದಿರಲಿಲ್ಲ.

ಒಂದು ಚಾರ್ಟಿಗೆ ಸೊನ್ನೆಯಿಂದ ಮೂವತ್ತು. ಇನ್ನೊಂದಕ್ಕೆ ಮೂವತ್ತರಿಂದ ಅರವತ್ತು. ಬೇರೆ ಬೇರೆ ಹಾಳೆ, ಒಂದೇ ಎತ್ತರ, ಒಂದೇ ಅಗಲ. ಪರದೆಯ ಮೇಲೆ ಅಲ್ಲ, ಕಾಗದದ ಮೇಲೆ! ಅಕ್ಕನ ಹಣೆಗೆ ಮುತ್ತು ಕೊಟ್ಟೆ. ಇವನಿಗೇನು ಬಂತು ಎಂಬಂತೆ ನೋಡಿದಳು.

ಫೆಬ್ರುವರಿ 26, ಗುರುವಾರ

ಎರಡು ಹಾಳೆಗಳನ್ನೂ ದೊಡ್ಡದಾಗಿ ಮುದ್ರಿಸಿ ಮನೆಗೆ ತಂದೆ. ಮೊದಲನೆಯದರಲ್ಲಿ ಒಂಬತ್ತು ಕಂಬ. ಎರಡನೆಯದರಲ್ಲಿ ಎಂಟು ಜಾಗ ಖಾಲಿ, ಒಂದೇ ಕಂಬ.

ಹೊಲಿಗೆ ಮೇಜಿನ ಮೇಲೆ ಹಾಸಿ ಅಂಟು ಹಚ್ಚಿದೆ. ಜೋಡಿಸುವಾಗ ಒಂದು ಕೂದಲೆಳೆ ಸರಿಯಿತು. ಅಕ್ಕ ನನ್ನ ಕೈ ತಳ್ಳಿದಳು. ಎಡಗೈಯಲ್ಲೇ ಹಾಳೆ ಎತ್ತಿ, ಕಂಬದ ಅಂಚಿಗೆ ಅಂಚು ಕೂಡಿಸಿ, ಮುಷ್ಟಿಯಿಂದ ಒತ್ತಿ ಒತ್ತಿ ಅಂಟಿಸಿದಳು. ಬೆರಳು ಕಂಬದ ಉದ್ದಕ್ಕೂ ಹತ್ತಿ ತುದಿಯಲ್ಲಿ ನಿಂತಿತು.

"ಯಾ..." ಎಂದಳು. ಕಾದೆ. ಹೊರಗೆ ಯಾರೋ ಸೈಕಲ್ ಬೆಲ್ ಹೊಡೆದುಕೊಂಡು ಹೋದರು. "ಯಾರು?"

"ನೀನೇ ಅಕ್ಕ. ಅವತ್ತು ಗಾಡಿ ಬಂದ ಹೊತ್ತು."

ಅಂಗೈ ಅಗಲಿಸಿ ಆ ಕಂಬದ ಮೇಲೆ ಇಟ್ಟಳು. ಉಳಿದದ್ದನ್ನು ನಾನು ಹೇಳಲಿಲ್ಲ. ನಾಳೆ ಸಭೆ ಇದೆ, ಅದು ಮುಗಿಯಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿ.

ಫೆಬ್ರುವರಿ 27, ಶುಕ್ರವಾರ

ಸಭೆಯಲ್ಲಿ ಪರದೆಯ ಮೇಲೆ ಮ್ಯಾನೇಜರ್ ಹೇಳಿದ ಚಾರ್ಟನ್ನೇ ಹಾಕಿದೆ. ಆಮೇಲೆ ಚೀಲದಿಂದ ಕಾಗದದ ಸುರುಳಿ ತೆಗೆದು ಮೇಜಿನ ಮೇಲೆ ಬಿಡಿಸಿದೆ. ಮಂಡಳಿಯ ಅಧ್ಯಕ್ಷೆ ವಯಸ್ಸಾದ ಡಾಕ್ಟರು. ಅವರ ಚಹಾ ಲೋಟ ಸರಿಸಬೇಕಾಯಿತು.

"ಇದೇನಿದು, ನನ್ನ ಕೈವರೆಗೂ ಬಂತು?"

"ಏಳನೇ ವಲಯ ಮೇಡಂ. ಒಂದು ಹಾಳೆಯಲ್ಲಿ ಹಿಡಿಸಲ್ಲ."

ಅವರು ಕನ್ನಡಕ ಹಾಕಿಕೊಂಡು ಅಂಟಿಸಿದ ಜಾಗವನ್ನು ಉಗುರಿನಿಂದ ಮುಟ್ಟಿ ನೋಡಿದರು. ಹಿಂದಿನ ಐದು ತಿಂಗಳ ಅಂಕಿಗಳನ್ನೂ ಓದಿಸಿದರು. "ಆರು ತಿಂಗಳಿಂದ ಇದು ನಮ್ಮ ಕಣ್ಣಿಗೆ ಯಾಕೆ ಬೀಳಲಿಲ್ಲ?"

ಮ್ಯಾನೇಜರ್ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ. "ಮೂವತ್ತರ ಮಿತಿ ಹಾಕಿದ್ದು ನಾನು. ಅಡಿಯಲ್ಲಿದ್ದ ಟಿಪ್ಪಣಿ ಅಳಿಸಿದ್ದೂ ನಾನು."

ಠಾಣೆ ಮುಚ್ಚುವ ಪ್ರಸ್ತಾಪ ಬಿದ್ದುಹೋಯಿತು. ಒಂಬತ್ತನೇ ತಾರೀಖಿನಿಂದ ಗಾಡಿ ಗೇಟಿನಾಚೆಗೇ ನಿಲ್ಲುತ್ತದೆ. ನನಗೆ ವಿವರಣೆ ಕೇಳಿ ನೋಟಿಸು ಬರುತ್ತದೆ. ಬರಲಿ.

ಮೆಟ್ಟಿಲ ಹತ್ತಿರ ಮ್ಯಾನೇಜರ್ ತಡೆದು ನಿಲ್ಲಿಸಿದರು. ಕೋಪದಿಂದ ಮುಖ ಕೆಂಪಾಗಿತ್ತು, ಧ್ವನಿ ಮಾತ್ರ ತಗ್ಗಿತ್ತು. "ಆ ನಲವತ್ತೇಳು ನಿಮ್ಮ ಅಕ್ಕನದಂತೆ. ಮೀಸೆ ಹೇಳಿದ. ನನಗೆ ಮೊದಲೇ ಹೇಳಬಾರದಿತ್ತಾ?"

"ಬೇರೆ ಯಾರದ್ದೋ ಆಗಿದ್ರೆ ನಲವತ್ತೇಳು ಕಮ್ಮಿ ಆಗ್ತಿತ್ತಾ ಸಾರ್?" ಎಂದೆ. ಹೇಳಿಬಿಟ್ಟೆ, ಆದರೆ ನನಗೇ ನಾಚಿಕೆಯಾಯಿತು. ಬೇರೆ ಯಾರದ್ದೋ ಆಗಿದ್ದ 36, 41, 39, 44, 38 ನನ್ನ ಕೈಯಿಂದಲೇ ದಾಟಿ ಹೋಗಿದ್ದವು. ಆ ಮನೆಗಳಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ.

ಫೆಬ್ರುವರಿ 28, ಶನಿವಾರ

ಅಕ್ಕನಿಗೆ ಹೇಳಿದೆ. ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಮಿತಿ, ಟಿಪ್ಪಣಿ, ಠಾಣೆ, ಗೇಟು. "ಆ ಕಂಬ ಕತ್ತರಿಸಿದವನು ನಾನೇ ಅಕ್ಕ" ಎಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಪದ: ಇಲ್ಲ.

ಮಾರ್ಚ್ 1, ಭಾನುವಾರ

ಇಲ್ಲ.

ಮಾರ್ಚ್ 4, ಬುಧವಾರ

ಐದು ದಿನವಾಯಿತು. ಊಟ ಮಾಡುತ್ತಾಳೆ, ಕೈಕಾಲಿನ ವ್ಯಾಯಾಮ ಮಾಡುತ್ತಾಳೆ, ತುಟಿ ಪಿಟಕ್ಕೆನ್ನುವುದಿಲ್ಲ. ಟೀಚರಿಗೆ ಗಾಬರಿ. ಮತ್ತೆ ಮೆದುಳಿಗೇನಾದರೂ ಆಯಿತೇ ಎಂದು ಡಾಕ್ಟರಿಗೆ ತೋರಿಸಲು ಹೇಳಿದರು.

"ಅದಲ್ಲ ಟೀಚರ್. ನನ್ನ ಮೇಲೆ ಕೋಪ" ಎಂದೆ.

"ಹಾಗಾದ್ರೆ ಮಾತಾಡಿಸಿ."

"ಇಲ್ಲ. ಕಾಯ್ತೀನಿ."

ಟೀಚರ್ ಪುಸ್ತಕ ಮುಚ್ಚಿ ನನ್ನನ್ನು ಹೊಸಬನನ್ನು ನೋಡುವಂತೆ ನೋಡಿದರು. ಯಾಕೋ ತಿಳಿಯಲಿಲ್ಲ.

ಮಾರ್ಚ್ 9, ಸೋಮವಾರ

ರಜೆ ಹಾಕಿದ್ದೆ. ಬೆಳಗ್ಗೆ ಎಂಟಕ್ಕೆ ಬೀದಿಯ ತುದಿಯ ಠಾಣೆಗೆ ಗಾಡಿ ಬಂತು. ಬಾಗಿಲಿನ ಬೀಗಕ್ಕೆ ತುಕ್ಕು ಹಿಡಿದಿತ್ತು, ಮೀಸೆ ಕಲ್ಲಿನಿಂದ ಕುಟ್ಟುತ್ತಿದ್ದ. ಅಕ್ಕನಿಗೆ ಕಾಣಲೆಂದು ಹೊಲಿಗೆ ಮೇಜಿನ ಮುಂದಿನ ಕಿಟಕಿಯ ಹತ್ತಿರ ಕೂರಿಸಿದೆ. ನೋಡಿದಳು. ಮುಖದಲ್ಲಿ ಏನೂ ಬದಲಾಗಲಿಲ್ಲ.

ಸಭೆಗೆ ಒಯ್ದಿದ್ದ ಸುರುಳಿ ಮೂಲೆಯಲ್ಲಿತ್ತು. ಅದನ್ನು ಕಾಗದದ ಅಚ್ಚುಗಳ ಜೊತೆ ಕಟ್ಟಿಡೋಣವೆಂದು ಮೇಜಿನ ಮೇಲೆ ಇಟ್ಟೆ. ಕಟ್ಟಲು ದಾರ ಎಳೆದು, ತುಂಡರಿಸಲು ದೊಡ್ಡ ಕತ್ತರಿಯ ಕಡೆ ಕೈ ಚಾಚಿದೆ.

ಅಕ್ಕನ ಎಡಗೈ ಬಂದು ನನ್ನ ಕೈಯ ಮೇಲೆ ಪಟ್ಟೆಂದು ಬಿತ್ತು.

"ನನ್..." ಎಂದಳು. ನಾನು ಕೈ ಎಳೆದುಕೊಳ್ಳಲಿಲ್ಲ. ಬಾಯಿ ಓರೆ ಮಾಡಿಕೊಂಡು, ಹಣೆಯಲ್ಲಿ ಬೆವರು ಒಡೆದು, ಪದ ಹುಡುಕುತ್ತಿದ್ದಳು. "ನನ್ನ... ಕೇ... ಕೇಳದೆ..." ಕಣ್ಣಲ್ಲಿ ನೀರು ತುಂಬಿಕೊಂಡಿತು, ಕೋಪವೂ ಹಾಗೇ ಇತ್ತು. ಮುಂದಿನ ಎರಡು ಪದ ನನಗೆ ಗೊತ್ತು. ನಲವತ್ತಮೂರು ವರ್ಷದಿಂದ ಗೊತ್ತು. ಹೊರಗೆ ಮೀಸೆಯ ಕಲ್ಲಿನ ಸದ್ದು ನಿಂತಿತು, ಬೀಗ ಒಡೆದಿರಬೇಕು. ಗಡಿಯಾರದ ಕಡೆ ನಾನು ನೋಡಲಿಲ್ಲ.

"ಕತ್ತರಿ," ಎಂದಳು. ಉಸಿರು ತೆಗೆದುಕೊಂಡಳು. "ಮುಟ್ಟಬೇಡ."

ಆಯಿತು ಅಕ್ಕ ಎಂದೆ. ಆಮೇಲೆ ನನ್ನ ಅಳು ನಿಲ್ಲಲೇ ಇಲ್ಲ. ಅವಳು ಕತ್ತರಿಯನ್ನು ತನ್ನ ಕಡೆಗೆ ಎಳೆದುಕೊಂಡು, ದಾರ ಹಿಡಿ ಎಂದು ಕಣ್ಣಲ್ಲೇ ಹೇಳಿ, ಎಡಗೈಯಲ್ಲಿ ಅಂಕುಡೊಂಕಾಗಿ ತುಂಡರಿಸಿದಳು.

ಅಕ್ಕನ ಪುಟದಲ್ಲಿ ಬರೆದಿದ್ದೇನೆ: ನಾಲ್ಕು ಪದ, ನಾಲ್ಕೂ ಅವಳವೇ. ಶುಕ್ರವಾರ ಟೀಚರಿಗೆ ತೋರಿಸಬೇಕು.